ರೈಫಲ್ ಕೊಳ್ಳುವ ಮುಂಚೆ ಬಡ್ಡಿ ಲೆಕ್ಕ ಹಾಕಿ



ನಮ್ಮ ಪಕ್ಕದ ಹೊಲದ ಹುಡುಗ ಒಂದು ರಾತ್ರಿ ಮನೆಗೆ ಬಂದ. ಕೈಯಲ್ಲಿ ಮೊಬೈಲು, ನಿದ್ದೆಗೆಟ್ಟು ಕೆಂಪಾದ ಕಣ್ಣು. ಗುಡ್ಡದ ಕಡೆಗಿರುವ ಅವನ ಕಬ್ಬಿಗೆ ಹಂದಿ ನುಗ್ಗೋಕೆ ಶುರುವಾಗಿ ಅವತ್ತಿಗೆ ಮೂರು ದಿನ. "ಚಿಕ್ಕಪ್ಪಾ, ಇದನ್ನ ಒಸಿ ನೋಡಿ" ಅಂತ ಮೊಬೈಲು ಹಿಡಿದ. ದುರ್ಬೀನು ಕೂರಿಸಿದ ಉದ್ದನೆಯ ಬೋಲ್ಟ್ ರೈಫಲ್ಲು. "ಗುರಿ ತಪ್ಪಬಾರದು, ಬೆಲೆನೂ ಕೈಗೆ ಎಟುಕಬೇಕು. ಯಾವುದು ತಗೊಳ್ಳಲಿ? ಅವ್ವನ ಸರ ಅಡ ಇಟ್ರೆ ದುಡ್ಡು ಆಯ್ತದೆ" ಅಂದ.

ನನ್ನ ಹತ್ತಿರ ಬಹಳ ವರ್ಷದಿಂದ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇರುವುದರಿಂದ ಅವನು ನನ್ನನ್ನು ಕೇಳೋಕೆ ಬಂದ. ಹಾಗೆ ಕೇಳುವವನು ಅವನೊಬ್ಬನೇ ಅಲ್ಲ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಸಂತೆಯಲ್ಲಿ, ಕಾರ್ಖಾನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತಾಗ, ಇದೇ ಮಾತು ಕಿವಿಗೆ ಬೀಳುತ್ತದೆ. ಆ ರಾತ್ರಿ ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬೆಳೆ ಕಾಯೋದಕ್ಕೆ ಅಂತ ಸಾಲ ಮಾಡಿ ರೈಫಲ್ ಕೊಳ್ಳಬೇಡಿ. ಆದರೆ ಬರೀ ಬೇಡ ಅಂದರೆ ಯಾವ ಹುಡುಗನೂ ಕೇಳುವುದಿಲ್ಲ. ಯಾಕೆ ಬೇಡ ಅನ್ನೋದನ್ನು ಲೆಕ್ಕ ಸಮೇತ ಹೇಳಬೇಕು.

ಮೊದಲು ರೈಫಲ್ ಅಂದರೆ ಏನು ಅಂತ ತಿಳಿಯೋಣ. ನಮ್ಮ ನೆಲಕ್ಕೆ ಬಂದೂಕು ಹೊಸದಲ್ಲ. ಪಾಂಡವಪುರದ ಹಳೇ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷಿನವರು ಇದನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಎರಡೂ ಕಡೆಯ ಸಿಪಾಯಿಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ನಯವಾದ ನಳಿಗೆಯ ಬಂದೂಕು. ಅದರೊಳಗೆ ಗುಂಡು ಅತ್ತಿತ್ತ ಬಡಿದುಕೊಂಡು ಹೊರಗೆ ಬರುತ್ತದೆ, ಹಾಗಾಗಿ ಸ್ವಲ್ಪ ದೂರ ಹೋದ ಮೇಲೆ ಎಲ್ಲಿಗೆ ಬೀಳುತ್ತದೋ ದೇವರಿಗೇ ಗೊತ್ತು. ರೈಫಲಿನ ನಳಿಗೆ ಒಳಗೆ ತಿರುಪಿನ ಗೀರು ಇರುತ್ತದೆ. ಗುಂಡು ಆ ಗೀರು ಕಚ್ಚಿಕೊಂಡು ಬುಗುರಿ ಥರ ಸುತ್ತುತ್ತಾ ಹೊರಡುತ್ತದೆ. ಸುತ್ತುವ ಬುಗುರಿ ಹೇಗೆ ಬೀಳದೆ ನಿಲ್ಲುತ್ತದೋ, ಸುತ್ತುವ ಗುಂಡು ಹಾಗೆ ನೇರ ಹೋಗುತ್ತದೆ.

ಬೋಲ್ಟ್ ಅಂದರೆ ನಮ್ಮ ಬಾಗಿಲಿನ ಅಗುಳಿ ಇದ್ದ ಹಾಗೆ. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿ ಹಿಡಿ ಇಳಿಸಿದರೆ ಹೊಸ ತೋಟಾ ನಳಿಗೆಯಲ್ಲಿ ಬಿಗಿಯಾಗಿ ಕೂರುತ್ತದೆ. ಬಿಡಿ ಭಾಗ ಕಮ್ಮಿ, ಬಿಗಿ ಜಾಸ್ತಿ. ಕಮ್ಮಿ ದುಡ್ಡಿನಲ್ಲಿ ಗುರಿ ಸಿಗಬೇಕು ಅನ್ನುವವರು ಪ್ರಪಂಚದಲ್ಲೆಲ್ಲ ಬೋಲ್ಟ್ ರೈಫಲನ್ನೇ ಕೇಳುವುದು ಇದಕ್ಕೆ.

ನಮ್ಮ ದೇಶದಲ್ಲಿ ಸಾಮಾನ್ಯ ಪ್ರಜೆಗೆ ಸಿಗುವುದು ಯಾವುದು? .303, 7.62 ಎಂಎಂ ಇವೆಲ್ಲ ಸರಕಾರ ನಿಷೇಧಿಸಿರುವ ಬೋರು, ಅವುಗಳ ಮಾತೇ ಬೇಡ. ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆಯ .315 ಬೋರಿನ ರೈಫಲ್ ಹಳೆಯ ಹೆಸರು. ಅದು ಇಂಗ್ಲಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಬಂದೂಕಿನ ಬೋಲ್ಟನ್ನೇ ಅನುಸರಿಸಿ ಮಾಡಿದ್ದು. ಅದೇ ಕಾರ್ಖಾನೆಯ .30-06 ಅದಕ್ಕಿಂತ ಜೋರು, ಬೆಲೆಯೂ ಜೋರು. ಇನ್ನೊಂದು .22. ಇದರ ತೋಟಾ ಸಣ್ಣದು, ಒದೆತ ಕಮ್ಮಿ, ಗುರಿ ಕಲಿಯುವುದಕ್ಕೆ ಒಳ್ಳೆಯದು. ಹಂದಿಗೆ ಇದು ಸಾಲದು. ಗಾಯಗೊಂಡ ಹಂದಿ ಕಬ್ಬಿನೊಳಗೆ ಹೊಕ್ಕರೆ ಬೆಳಿಗ್ಗೆ ನೀರು ಕಟ್ಟೋಕೆ ಹೋಗುವ ಆಳಿನ ತೊಡೆ ಸೀಳುತ್ತದೆ.

ಇನ್ನು ಕಮ್ಮಿ ದುಡ್ಡಿನ ಮಾತು. ಕ್ರೀಡೆಗೋ ಇನ್ಯಾವ ನ್ಯಾಯವಾದ ಕಾರಣಕ್ಕೋ ರೈಫಲ್ ಬೇಕೇಬೇಕು ಅನ್ನುವವರು ಒಂದು ಮಾತು ನೆನಪಿಡಿ. ಗುರಿ ಇರೋದು ದುರ್ಬೀನಿನಲ್ಲಿ ಅಲ್ಲ. ಮೊದಲು ನಳಿಗೆ, ಆಮೇಲೆ ತೋಟಾ, ಆಮೇಲೆ ಹಿಡಿಯುವ ಕೈ. ದುರ್ಬೀನು ನಾಲ್ಕನೆಯದು. ಎತ್ತು ಕೊಳ್ಳುವವನು ಕೊಂಬಿನ ಬಣ್ಣ ನೋಡುತ್ತಾನೆಯೇ? ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಹಳೇ ರೈಫಲನ್ನೂ ಹಾಗೇ ನೋಡಬೇಕು.

ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಬೋಲ್ಟ್ ಹೊರತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಗೀರು ಚೂಪಾಗಿ, ಹೊಳಪಾಗಿ ಕಾಣಬೇಕು. ತುಕ್ಕಿನ ಗುಂಡಿ ಬಿದ್ದಿದ್ದರೆ ಕೈಬಿಡಿ. ನಳಿಗೆಯ ತುದಿಯ ಬಾಯಿ ನೋಡಿ, ಅಲ್ಲಿ ಒಂದು ಸಣ್ಣ ನೆಗ್ಗು ಇದ್ದರೂ ಗುಂಡು ದಾರಿ ತಪ್ಪುತ್ತದೆ. ಮರದ ಹಿಡಿ ಬಿರುಕು ಬಿಟ್ಟಿರಬಾರದು, ಅದನ್ನು ಬಿಗಿದ ತಿರುಪು ಸಡಿಲ ಇರಬಾರದು. ಬೋಲ್ಟ್ ಮುಚ್ಚಿದಾಗ ತೋಟಾ ಹಿಂದೆ ಎಷ್ಟು ಸಂದು ಉಳಿಯುತ್ತದೆ ಅನ್ನುವುದನ್ನು ಅಂಗಡಿಯ ಮಿಸ್ತ್ರಿಯಿಂದ ಅಳತೆ ಹಾಕಿಸಿ. ಸಂದು ಹೆಚ್ಚಿದ್ದರೆ ತೋಟಾ ಹಿಂದಕ್ಕೆ ಒಡೆದು ಮುಖ ಸುಡುತ್ತದೆ. ಬಂದೂಕಿನ ಮೇಲಿನ ನಂಬರು, ಮಾರುವವನ ಲೈಸೆನ್ಸಿನಲ್ಲಿ ಬರೆದಿರುವ ಬಂದೂಕಿನ ನಂಬರು ಎರಡೂ ಒಂದೇ ಇರಬೇಕು. ಎಲ್ಲಾ ಸರಿ ಇದ್ದರೆ ಒಂದೇ ಮಾರ್ಕಿನ ತೋಟಾ ಹಾಕಿ, ರೇಂಜಿನಲ್ಲಿ ಐದು ಸಲ ಹೊಡೆಸಿ ನೋಡಿ. ಐದೂ ತೂತು ಒಂದು ಅಂಗೈಯಗಲದೊಳಗೆ ಬಿದ್ದರೆ ಆ ರೈಫಲ್ ಒಳ್ಳೆಯದು. ಚೆಲ್ಲಾಪಿಲ್ಲಿ ಆದರೆ ಎಷ್ಟೇ ಬೆಲೆಯ ದುರ್ಬೀನು ಕೂರಿಸಿದರೂ ಪ್ರಯೋಜನ ಇಲ್ಲ. ಮಿಕ್ಕ ದುಡ್ಡನ್ನು ತೋಟಾಕ್ಕೆ, ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಇಷ್ಟು ಹೇಳುವಷ್ಟರಲ್ಲಿ ಹುಡುಗನ ಮುಖ ಅರಳಿತು. "ಹಂಗಾದ್ರೆ ಹಳೇ .315 ಒಂದು ನೋಡಾನ ಚಿಕ್ಕಪ್ಪಾ" ಅಂದ. "ತಡಿಯಪ್ಪ, ಇನ್ನೂ ಕಾನೂನು ಬಾಕಿ ಐತೆ, ಬಡ್ಡಿ ಬಾಕಿ ಐತೆ" ಅಂದೆ.

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನ್ ರೈತನ ವಿಷಯ ಎತ್ತಿದೆ. ಬೆಳೆ ರಕ್ಷಣೆಗೆ ಅಂತ ಕೇಳಿದರೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡತಕ್ಕದ್ದು ಅಂತ ಅದರಲ್ಲಿದೆ. ಆ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ 20 ಅಂಗುಲಕ್ಕೆ ಕಮ್ಮಿ ಇಲ್ಲದ ನಯವಾದ ನಳಿಗೆಯ ಬೇರೆ ಬಂದೂಕು ಕೊಡಬಹುದು. ಅಂದರೆ ನಮ್ಮ ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ. ರೈಫಲಿನ ಹೆಸರು ಬೆಳೆ ರಕ್ಷಣೆಯಲ್ಲಿ ಬರುವುದೇ ಇಲ್ಲ. .22 ರೈಫಲ್ ಬರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ ಕೇಳಿದಾಗ. ಮಿಕ್ಕ ರೈಫಲಿಗೆಲ್ಲ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ಒಪ್ಪಿಗೆ ಆಗಬೇಕು. ಮೊಬೈಲಿನಲ್ಲಿ ರೈಫಲ್ ನೋಡಿ ಮುಂಗಡ ಕೊಟ್ಟು, ಆಮೇಲೆ ಲೈಸೆನ್ಸಿಗೆ ಅಲೆಯುವವನು ಮುಂಗಡವನ್ನೂ ಕಳೆದುಕೊಳ್ಳುತ್ತಾನೆ.

ಇದೇ ಕಾಯಿದೆಯ 14ನೇ ಸೆಕ್ಷನ್ನನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವ ಹಾಗಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು. ಅದರ ಮೇಲೆ ಅಪೀಲು ಮಾಡುವ ಹಕ್ಕನ್ನು 18ನೇ ಸೆಕ್ಷನ್ ಕೊಟ್ಟಿದೆ. ಎರಡು ಎಕರೆಯವನಿಗೆ ಕೋವಿ ಯಾಕಪ್ಪಾ ಅಂತ ಯಾರಾದರೂ ಮೇಜಿನ ಹಿಂದೆ ಕೂತು ಕೇಳಿದರೆ, ಅದನ್ನೇ ಬರೆದು ಕೊಡಿ ಸ್ವಾಮಿ ಅನ್ನಿ.

ನಮ್ಮ ಸೀಮೆಯವರಿಗೆ ಇನ್ನೊಂದು ತೊಡಕಿದೆ. ವನ್ಯಜೀವಿ ರಕ್ಷಣಾ ಕಾಯಿದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಸುತ್ತಿನಲ್ಲಿ ಹೊಸ ಬಂದೂಕಿನ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಮೇಲುಕೋಟೆ ಬೆಟ್ಟದ ಅಭಯಾರಣ್ಯ 1974ರಿಂದ ಇದೆ, ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು 1940ರಿಂದ ಇದೆ. ಈ ಎರಡರ ಸುತ್ತ ಹತ್ತು ಹತ್ತು ಕಿಲೋಮೀಟರ್ ಗೆರೆ ಎಳೆದು ನೋಡಿ, ಎಷ್ಟು ಹಳ್ಳಿ ಒಳಗೆ ಬೀಳುತ್ತವೆ ಅಂತ.

ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹೊಡೆಯುವ ಹಕ್ಕು ಸಿಕ್ಕಿತೇ? ಇಲ್ಲ. ಕಾಡುಹಂದಿ 2022ರ ತಿದ್ದುಪಡಿ ಆದ ಮೇಲೆ ವನ್ಯಜೀವಿ ಕಾಯಿದೆಯ 2ನೇ ಷೆಡ್ಯೂಲಿನಲ್ಲಿದೆ. ನಿಂತ ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯೋಕೆ 11ನೇ ಸೆಕ್ಷನ್ ಕೆಳಗೆ ಅಧಿಕಾರ ಇರುವ ಅರಣ್ಯಾಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ ಬೇಟೆಯ ಕೇಸು. ಪ್ರಾಣಕ್ಕೆ ಬಂದಾಗ ಆತ್ಮರಕ್ಷಣೆಗೆ ಹೊಡೆದದ್ದು ಬೇರೆ ಮಾತು. ಆನೆ, ಚಿರತೆ, ನವಿಲು 1ನೇ ಷೆಡ್ಯೂಲು. ನವಿಲು ರಾಗಿ ಪೈರು ಕುಕ್ಕುತ್ತದೆ ಅಂತ ಏರ್‌ಗನ್ನಿನಲ್ಲಿ ಹೊಡೆದರೂ ಜೈಲೇ.

"ಕೊಡಗಿನೋರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ ಇಷ್ಟು ಕಟ್ಟುಪಾಡು?" ಅಂತ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನವರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಬಂದೂಕಿನ ಲೈಸೆನ್ಸಿಗೆ ಮಾತ್ರ, ವನ್ಯಜೀವಿ ಕಾಯಿದೆಗೆ ಅಲ್ಲ. ಮನೆಮನೆಯಲ್ಲಿ ಕೋವಿ ಇದ್ದು, ಕೈಲ್ ಮುಹೂರ್ತಕ್ಕೆ ಅದನ್ನು ಪೂಜೆ ಮಾಡುವ ಆ ನಾಡಿನಲ್ಲೂ ಕಾಫಿ ತೋಟಕ್ಕೆ ಆನೆ ನುಗ್ಗುವುದು ನಿಂತಿಲ್ಲ, ಗದ್ದೆಗೆ ಹಂದಿ ಬರುವುದೂ ನಿಂತಿಲ್ಲ. ಕೋವಿಯೊಂದರಿಂದಲೇ ಬೆಳೆ ಉಳಿಯುವ ಹಾಗಿದ್ದರೆ ಮೊದಲು ಅಲ್ಲಿ ಉಳಿಯಬೇಕಿತ್ತು.

ಈಗ ಬಡ್ಡಿಗೆ ಬರೋಣ. ಲೆಕ್ಕ ಸುಲಭ ಆಗಲಿ ಅಂತ ರೈಫಲು, ದುರ್ಬೀನು, ತೋಟಾ, ಓಡಾಟ ಎಲ್ಲಾ ಸೇರಿ ಒಂದು ಲಕ್ಷ ಅಂತ ಇಟ್ಟುಕೊಳ್ಳಿ. ಕೈಸಾಲ ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 2,000, ವರ್ಷಕ್ಕೆ 24,000. ಕೇಂದ್ರ ಸರಕಾರ 2025-26ನೇ ಸಾಲಿಗೆ ಕಬ್ಬಿಗೆ ನಿಗದಿ ಮಾಡಿದ್ದು 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕಟಾವು, ಸಾಗಣೆ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬಿಡಿ. ಪೂರ್ತಿ 3,550 ಹಿಡಿದರೂ ಬರೀ ಬಡ್ಡಿ ಕಟ್ಟೋಕೆ ವರ್ಷಕ್ಕೆ ಏಳು ಟನ್ ಕಬ್ಬು ಬೇಕು. ಮೂರು ರೂಪಾಯಿ ಬಡ್ಡಿ ಆದರೆ ಹತ್ತು ಟನ್ ಮೇಲೆ. ಅಸಲು ಅಲ್ಲೇ ನಿಂತಿರುತ್ತದೆ.

"ನಿನ್ನ ಕಬ್ಬಲ್ಲಿ ಹಂದಿ ಎಷ್ಟು ಹಾಳು ಮಾಡ್ತಪ್ಪ?" ಅಂತ ಕೇಳಿದೆ. ಬೆರಳು ಮಡಿಚಿ ಲೆಕ್ಕ ಹಾಕಿ "ಐದು ಟನ್ ಹೋಗಿರಬೈದು" ಅಂದ. ಐದು ಟನ್ನಿಗೆ 17,750. ಹಂದಿ ತಿಂದದ್ದಕ್ಕಿಂತ ಬಡ್ಡಿ ತಿನ್ನುವುದು ಜಾಸ್ತಿ ಆಯಿತಲ್ಲ! ಹಂದಿಯಾದರೂ ಬೆಳೆ ಇದ್ದಾಗ ಮಾತ್ರ ಬರುತ್ತದೆ. ಬಡ್ಡಿ ಬೆಳೆ ಇಲ್ಲದ ವರ್ಷವೂ ಬರುತ್ತದೆ. ಅವನು ತಲೆ ಕೆಳಗೆ ಹಾಕಿ ಕೂತ.

ಗುಂಡಿನ ದಾರಿಯನ್ನೂ ಯೋಚನೆ ಮಾಡಿ. ನನ್ನ ಒಂಟಿ ನಳಿಗೆಯ ಚರೆ ಮೂವತ್ತು ನಲವತ್ತು ಗಜದ ಆಚೆಗೆ ಕಸುವು ಕಳೆದುಕೊಳ್ಳುತ್ತದೆ. .22ರ ಸಣ್ಣ ಗುಂಡೇ ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ದೊಡ್ಡ ರೈಫಲಿನದು ಎರಡು ಮೂರು ಕಿಲೋಮೀಟರ್ ಆಚೆಗೂ ಹೋಗಿ ಬೀಳುತ್ತದೆ. ನಮ್ಮ ಹೊಲಗಳ ಮಧ್ಯೆ ಅಷ್ಟು ಬಯಲು ಎಲ್ಲಿದೆ? ಒಂದು ಊರಿಗೂ ಇನ್ನೊಂದು ಊರಿಗೂ ಕೂಗಳತೆ. ರಾತ್ರಿ ಹೊತ್ತು ನಾಲೆಯ ನೀರು ತಿರುಗಿಸೋಕೆ ಯಾರೋ ಟಾರ್ಚು ಹಿಡಿದು ಬದುವಿನ ಮೇಲೆ ಕೂತಿರುತ್ತಾರೆ. ಮೇಲುಕೋಟೆ, ಕುಂತಿಬೆಟ್ಟದ ಕಡೆ ಆದರೆ ಹೊಲದ ತುಂಬಾ ಬಂಡೆ. ಬಂಡೆಗೆ ಬಡಿದ ಗುಂಡು ಯಾವ ಕಡೆ ತಿರುಗುತ್ತದೆ ಅಂತ ಹೇಳುವವರಿಲ್ಲ. ಹಂದಿ ಬರುವುದು ಕತ್ತಲಲ್ಲಿ. ಕಬ್ಬಿನ ಗರಿ ಅಲ್ಲಾಡಿದ್ದು ಹಂದಿಯಿಂದಲೋ ಪಕ್ಕದ ಹೊಲದ ಅಣ್ಣನಿಂದಲೋ ಅಂತ ದುರ್ಬೀನು ಹೇಳುವುದಿಲ್ಲ.

ನನ್ನ ಕೋವಿಯ ಕಥೆಯನ್ನೂ ಮುಚ್ಚಿಡುವುದಿಲ್ಲ. 2023ರ ವಿಧಾನಸಭೆ ಚುನಾವಣೆಗೆ ಠಾಣೆಯಲ್ಲಿ ಇಟ್ಟೆ. 2024ರ ಲೋಕಸಭೆ ಚುನಾವಣೆಗೆ ಮತ್ತೆ ಇಟ್ಟೆ. ವಾಪಸು ತಂದಾಗ ನಳಿಗೆಯೊಳಗೆ ತುಕ್ಕು ಹಿಡಿದಿತ್ತು, ತೊಳೆದು ಎಣ್ಣೆ ಹಾಕೋಕೆ ಎರಡು ದಿನ ಹಿಡಿಯಿತು. ಇಷ್ಟು ವರ್ಷದಲ್ಲಿ ಅದರಿಂದ ನನಗೆ ಆದ ಉಪಕಾರ ಸದ್ದು ಮಾಡಿ ಓಡಿಸಿದ್ದೇ ಹೆಚ್ಚು. ಆ ಸದ್ದಿಗೂ ಹಂದಿ ನಾಲ್ಕು ದಿನಕ್ಕೆ ಒಗ್ಗಿಕೊಳ್ಳುತ್ತದೆ. ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣ, ಓಡಾಟ, ಬೀರುವಿನ ಬೀಗ, ಮನೆಯಲ್ಲಿ ಮಕ್ಕಳಿದ್ದಾರೆ ಅನ್ನುವ ಭಯ, ಇದೆಲ್ಲ ಕೋವಿಯ ಬೆಲೆಯೊಳಗೆ ಸೇರಿದ್ದು. ಲೈಸೆನ್ಸ್ ಇದ್ದು, ಸಾಲ ಇಲ್ಲದೆ ಕೊಳ್ಳುವ ಶಕ್ತಿ ಇರುವವರು ಒಂದು ಒಳ್ಳೆಯ ಒಂಟಿ ನಳಿಗೆ ಇಟ್ಟುಕೊಳ್ಳಲಿ. ಅದಕ್ಕೆ ನನ್ನ ವಿರೋಧ ಇಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಆದರೆ ಕರೆಂಟಿನ ಕಂಬದಿಂದ ತಂತಿ ಎಳೆದು ಬದುವಿಗೆ ಬಿಡುವ ಕೆಟ್ಟ ಕೆಲಸ ಯಾರೂ ಮಾಡಬೇಡಿ. ಅದು ಹಂದಿಯನ್ನು ಕೇಳಿ ಕೊಲ್ಲುವುದಿಲ್ಲ, ನಿಮ್ಮ ಮಗನನ್ನೂ ಕೊಲ್ಲುತ್ತದೆ. ಸಿಡಿಮದ್ದೂ ಹಾಗೇ, ಮೊದಲು ಸಾಯುವುದು ಮೇಯೋಕೆ ಬಂದ ನಿಮ್ಮ ಹಸು. ಸೌರ ಬೇಲಿಯ ಪೆಟ್ಟಿಗೆಯಿಂದ ಬರುವುದು ಬಿಟ್ಟು ಬಿಟ್ಟು ಹೊಡೆಯುವ ಕರೆಂಟು, ಅದು ಬೆದರಿಸುತ್ತದೆ, ಸರಿಯಾಗಿ ಹಾಕಿಸಿದರೆ ಕೊಲ್ಲುವುದಿಲ್ಲ. ನಾಲ್ಕು ಹೊಲದವರು ಸೇರಿ ಒಂದು ಸುತ್ತು ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಅಟ್ಟಣೆ ಕಟ್ಟಿ ಸರದಿ ಪ್ರಕಾರ ಕಾಯುವ ಹಳೇ ಪದ್ಧತಿ ಏನೂ ಕೆಟ್ಟದ್ದಲ್ಲ. ಬೆಳೆ ಹಾಳಾದ ದಿನವೇ ಫೋಟೋ ಹಿಡಿದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಪುಡಿಗಾಸು ಬರುತ್ತದೆ ಅಂತ ಬಿಡಬೇಡಿ. ಅರ್ಜಿ ಹಾಕದಿದ್ದರೆ ಹಂದಿಯ ಕಾಟವೇ ಇಲ್ಲ ಅಂತ ಸರಕಾರದ ಕಡತ ಹೇಳುತ್ತದೆ.

ರೈಫಲ್ ಬೇಕಾದ ಜಾಗವೂ ಇದೆ, ನಾನು ಇಲ್ಲ ಅನ್ನುವುದಿಲ್ಲ. ಹಂದಿ ಮಿತಿಮೀರಿದ ಕಡೆ ಹೊಡೆಯಲೇಬೇಕು. ಆದರೆ ಅದು ಪಳಗಿದ ಕೈಯಲ್ಲಿ, ಕಾಗದ ಇಟ್ಟುಕೊಂಡು, ಸರಕಾರದ ಖರ್ಚಿನಲ್ಲಿ ಆಗಬೇಕು. ಪಕ್ಕದ ಕೇರಳ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೇ ಹಂದಿ ಹೊಡೆಸಲು ಆದೇಶ ಕೊಡುವ ಅಧಿಕಾರ ಕೊಟ್ಟಿತು, ಲೈಸೆನ್ಸ್ ಇರುವ ಗುರಿಗಾರರಿಂದ ಹೊಡೆಸುವ ವ್ಯವಸ್ಥೆ ಮಾಡಿತು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ಪ್ರತಿ ಹೋಬಳಿಗೆ ತರಬೇತಾದ ಗುರಿಗಾರರನ್ನು ಕೊಡಿ, ರೈತ ಅರ್ಜಿ ಕೊಟ್ಟ ಇಷ್ಟು ದಿನದೊಳಗೆ ಅನುಮತಿ ಅಂತ ಗಡುವು ಹಾಕಿ ಅಂತ ನಾವು ಕೇಳಬೇಕು. ಹಂದಿ ಸರಕಾರದ್ದು, ಸತ್ತ ಮೇಲೂ ಅದರ ಹೆಣ ಸರಕಾರದ್ದೇ ಅಂತ ಕಾಯಿದೆ ಹೇಳುತ್ತದೆ. ಸರಕಾರದ ಆಸ್ತಿಯನ್ನು ನಮ್ಮ ಹೊಲದಲ್ಲಿ ಮೇಯಿಸಿ, ಅದನ್ನು ಕಾಯುವ ಬಂದೂಕಿನ ಸಾಲವನ್ನೂ ನಾವೇ ಹೊರುವುದು ಯಾವ ನ್ಯಾಯ?

ಹುಡುಗ ಏಳುವಾಗ "ಸರ ಇರ್ಲಿ ಬುಡಿ ಚಿಕ್ಕಪ್ಪಾ, ಬೇಲಿಗೆ ಎಷ್ಟಾಯ್ತದೆ ಅಂತ ನಾಳೆ ಕೇಳ್ತೀನಿ" ಅಂದ. ಗುರಿ ಹಿಡಿಯುವ ಆಸೆ ಅವನಿಗೆ ನಿಜವಾಗಿ ಇದ್ದರೆ ರೈಫಲ್ ಕ್ಲಬ್ಬಿಗೆ ಸೇರಲಿ, ಕ್ಲಬ್ಬಿನ ರೈಫಲಿನಲ್ಲೇ ಮೊದಲು ಕಲಿಯಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಬಾಂಧವರೇ, ಪಂಚಾಯ್ತಿಯ ಮುಂದಿನ ಗ್ರಾಮಸಭೆಗೆ ನಿಮ್ಮೂರಿನ ಬೆಳೆ ಹಾನಿಯ ಲೆಕ್ಕ ಬರೆದುಕೊಂಡು ಹೋಗಿ. ಯಾರ ಹೊಲ, ಯಾವ ಬೆಳೆ, ಎಷ್ಟು ಟನ್ನು, ಎಷ್ಟು ಪಲ್ಲ, ಎಲ್ಲಾ ಬರೆಯಿರಿ. ಅದನ್ನು ಠರಾವು ಮಾಡಿಸಿ ಅರಣ್ಯ ಇಲಾಖೆಗೂ ಜಿಲ್ಲಾಧಿಕಾರಿಗೂ ಕಳಿಸಿ. ಮನೆಯ ಚಿನ್ನ ಮನೆಯಲ್ಲೇ ಇರಲಿ.